72 ಕಂತಿನ ಎಸ್‌ಐಪಿ, 62% ಲಾಭ: ನನ್ನ ಫಂಡ್ ಚೆನ್ನಾಗಿದೆಯಾ ಇಲ್ಲವಾ ಅಂತ ನೋಡುವುದು ಹೇಗೆ?

ಪ್ರಶ್ನೆ: ತಿಪಟೂರು ಟೀಚರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ನಾನು ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆ ಟೀಚರ್. ನಮ್ಮ ಯಜಮಾನರು ತೆಂಗಿನ ತೋಟ ನೋಡಿಕೊಳ್ಳುತ್ತಾರೆ. 2019 ರ ಜುಲೈನಲ್ಲಿ ಪರಿಚಯದ ಏಜೆಂಟ್ ಒಬ್ಬರ ಮಾತು ಕೇಳಿ ತಿಂಗಳಿಗೆ 3,000 ರೂಪಾಯಿಯ ಎಸ್‌ಐಪಿ ಶುರು ಮಾಡಿದೆ. ದೊಡ್ಡ ಕಂಪನಿಗಳ ಷೇರು ಕೊಳ್ಳುವ ಲಾರ್ಜ್ ಕ್ಯಾಪ್ ಮ್ಯೂಚುವಲ್ ಫಂಡ್, ಏಜೆಂಟ್ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನ್, ಲಾಭ ಫಂಡಿನ ಒಳಗೇ ಉಳಿಯುವ ಗ್ರೋತ್ ಆಯ್ಕೆ. ಒಂದು ತಿಂಗಳೂ ತಪ್ಪಿಸಿಲ್ಲ. 2025 ರ ಜೂನ್‌ಗೆ 72 ಕಂತು ಮುಗಿಯಿತು. ಹಾಕಿದ್ದು 2,16,000. ಸ್ಟೇಟ್‌ಮೆಂಟ್‌ನಲ್ಲಿ ಈಗ 3,50,000 ತೋರಿಸುತ್ತಿದೆ.

ಇದು ಮಗಳ ಓದಿಗೆ ಅಂತ ಇಟ್ಟ ದುಡ್ಡು. ಈ ವರ್ಷ ಮೊದಲ ಪಿಯುಸಿಗೆ ಸೇರಿದ್ದಾಳೆ. 2027 ರಲ್ಲಿ ಸಿಇಟಿ ಬರೆಯುತ್ತಾಳೆ.

ಈಗ ನನ್ನ ಗೊಂದಲ ಏನು ಅಂದರೆ, ಮೂರು ಜನ ಮೂರು ಥರ ಹೇಳುತ್ತಿದ್ದಾರೆ. ಯಜಮಾನರು ಹೇಳುತ್ತಾರೆ, "62% ನ್ನು 6 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹತ್ತೂ ಚಿಲ್ಲರೆ. ಅಷ್ಟಕ್ಕೆ ಷೇರು ಮಾರುಕಟ್ಟೆಯ ಭಯ ಯಾಕೆ ಬೇಕಿತ್ತು? ಆರ್‌ಡಿ ಕಟ್ಟಿದ್ದರೆ ನೆಮ್ಮದಿಯಾಗಿ ಇರಬಹುದಿತ್ತು." ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಸ್ಮಾಲ್ ಕ್ಯಾಪ್ ಫಂಡ್, ಅಂದರೆ ಸಣ್ಣ ಕಂಪನಿಗಳ ಷೇರಿನ ಫಂಡ್, 5 ವರ್ಷದಲ್ಲಿ ವರ್ಷಕ್ಕೆ 30% ಕೊಟ್ಟಿದೆ ಅಂತ ಮೊಬೈಲ್ ತೆಗೆದು ತೋರಿಸಿದರು. ಏಜೆಂಟ್ ಹೇಳುವುದು ಬೇರೆಯೇ. "ಅಕ್ಕಾ, ನಿಮ್ಮ ಫಂಡಿನ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ತುಂಬಾ ಮೇಲೆ ಹೋಗಿದೆ, ಇನ್ನು ಏರುವುದಕ್ಕೆ ಜಾಗ ಇಲ್ಲ. ಹೊಸ ಫಂಡ್ ಬರುತ್ತಿದೆ, ಎನ್‌ಎಫ್‌ಒ, ಯೂನಿಟ್‌ಗೆ ಬರೀ 10 ರೂಪಾಯಿ. ಹಳೆಯದನ್ನು ಮಾರಿ ಅದಕ್ಕೆ ಹಾಕಿ" ಅನ್ನುತ್ತಾರೆ. ಅವರ ಬಗ್ಗೆ ನನಗೆ ಕೆಟ್ಟ ಅಭಿಪ್ರಾಯ ಇಲ್ಲ. 2020 ರ ಏಪ್ರಿಲ್‌ನಲ್ಲಿ ಮಾರುಕಟ್ಟೆ ಬಿದ್ದದ್ದಕ್ಕೆ ಹೆದರಿ ನಿಲ್ಲಿಸಲು ಹೊರಟಾಗ "ನಿಲ್ಲಿಸಬೇಡಿ" ಅಂತ ಮನೆಗೆ ಫೋನ್ ಮಾಡಿ ಹೇಳಿದವರು ಅವರೇ.

ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸುವವಳು ನಾನು. ನನ್ನ ದುಡ್ಡಿನ ಲೆಕ್ಕವೇ ನನಗೆ ಅರ್ಥವಾಗದೆ ಇದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಹಾಸನದ ಲೆಕ್ಕಿಗ

ಟೀಚರಮ್ಮ, ನಮಸ್ಕಾರ. ನಾನು ಬ್ಯಾಂಕಿನಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಕಂತು, ತಿಂಗಳು, ಮೊತ್ತ ಎಲ್ಲ ಸರಿಯಾಗಿ ಕೊಟ್ಟಿದ್ದೀರಿ. ಹೀಗೆ ಕೇಳಿದರೆ ಉತ್ತರ ಹೇಳುವುದು ಸುಲಭ.

ಮೊದಲು ನಿಮ್ಮ ಯಜಮಾನರ ಲೆಕ್ಕ ನೋಡೋಣ. ಅವರು 62 ನ್ನು 6 ರಿಂದ ಭಾಗಿಸಿದ್ದಾರೆ. ಆದರೆ 6 ವರ್ಷ ಪೂರ್ತಿ ದುಡಿದದ್ದು ನಿಮ್ಮ ಮೊದಲ 3,000 ಮಾತ್ರ. ಕೊನೆಯ 3,000 ದುಡಿದದ್ದು ಒಂದೇ ತಿಂಗಳು. ಸರಾಸರಿ ನೋಡಿದರೆ ನಿಮ್ಮ ಒಂದೊಂದು ರೂಪಾಯಿಯೂ ಫಂಡಿನ ಒಳಗೆ ಇದ್ದದ್ದು ಸುಮಾರು 3 ವರ್ಷ ಅಷ್ಟೇ. ಹೀಗೆ ಬೇರೆ ಬೇರೆ ದಿನ ಹಾಕಿದ ದುಡ್ಡಿಗೆ ವರ್ಷದ ಆದಾಯ ತೆಗೆಯಲು ಎಕ್ಸೆಲ್‌ನಲ್ಲಿ ಎಕ್ಸ್‌ಐಆರ್‌ಆರ್ ಅನ್ನುವ ಸೂತ್ರ ಇದೆ. ಒಂದರ ಕೆಳಗೆ ಒಂದರಂತೆ 72 ತಾರೀಕು ಬರೆಯಿರಿ. ಪಕ್ಕದಲ್ಲಿ ಪ್ರತಿಯೊಂದಕ್ಕೂ ಮೈನಸ್ 3,000. ಕೆಳಗೆ ಇವತ್ತಿನ ತಾರೀಕು, ಪ್ಲಸ್ 3,50,000. ಸೂತ್ರ ಕೊಟ್ಟರೆ ಉತ್ತರ ಬರುತ್ತದೆ. ನಾನು ಹಾಕಿ ನೋಡಿದೆ. ನಿಮಗೆ ವರ್ಷಕ್ಕೆ ಹತ್ತಿರ ಹತ್ತಿರ 16% ಸಿಕ್ಕಿದೆ, 10 ಅಲ್ಲ.

ಆರ್‌ಡಿ ಜೊತೆ ಹೋಲಿಸಬೇಕಾದರೂ ಹೀಗೇ ಹೋಲಿಸಬೇಕು. ಇದೇ 72 ಕಂತಿಗೆ ಆರೂ ವರ್ಷ 7% ಬಡ್ಡಿ ಸಿಕ್ಕಿದ್ದರೆ ನಿಮ್ಮ ಕೈಗೆ ಬರುತ್ತಿದ್ದದ್ದು ಸುಮಾರು 2,67,000. ಅದರ ಬಡ್ಡಿಗೆ ತೆರಿಗೆಯೂ ಬೇರೆ. ನಿಮ್ಮ ಬಳಿ 3,50,000 ಇದೆ. ಯಜಮಾನರಿಗೆ ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ತೋರಿಸಿ.

ಆದರೆ ಅಲ್ಲಿಗೆ ನಿಲ್ಲಿಸಬೇಡಿ. 16% ಬಂತು ಅಂದ ಮಾತ್ರಕ್ಕೆ ಫಂಡ್ ಚೆನ್ನಾಗಿದೆ ಅಂತ ಆಗಲಿಲ್ಲ. ನಿಮ್ಮಲ್ಲಿ ತೋಟ ಇದೆ ಅಂದಿರಿ. ಒಳ್ಳೆ ಮಳೆಯಾದ ವರ್ಷ ಎಲ್ಲರ ತೋಟದಲ್ಲೂ ಕಾಯಿ ಜಾಸ್ತಿ. ನಿಮ್ಮ ಬೇಸಾಯ ಹೇಗಿತ್ತು ಅಂತ ತಿಳಿಯಬೇಕಾದರೆ ಅದೇ ಮಳೆ ಬಿದ್ದ ಪಕ್ಕದ ತೋಟದ ಇಳುವರಿ ನೋಡಬೇಕು, ಅಲ್ವಾ? ಫಂಡಿಗೆ ಆ ಪಕ್ಕದ ತೋಟ ಅಂದರೆ ಸೂಚ್ಯಂಕ, ಒಂದಷ್ಟು ಕಂಪನಿಗಳ ಷೇರು ಒಟ್ಟಾಗಿ ಎಷ್ಟು ಏರಿತು, ಇಳಿಯಿತು ಅಂತ ತೋರಿಸುವ ಅಂಕಿ. ಕಳೆದ ಕೆಲವು ವರ್ಷ ಮಾರುಕಟ್ಟೆಯೇ ಚೆನ್ನಾಗಿ ಏರಿದೆ. ಯಾರೂ ಬುದ್ಧಿ ಓಡಿಸದೆ ಸುಮ್ನೆ ಸೂಚ್ಯಂಕವನ್ನೇ ಕೊಂಡಿದ್ದರೆ ಎಷ್ಟು ಬರುತ್ತಿತ್ತು? ಅದಕ್ಕಿಂತ ನಿಮ್ಮ ಫಂಡ್ ಜಾಸ್ತಿ ಕೊಟ್ಟಿದೆಯಾ? ನಿಜವಾದ ಪ್ರಶ್ನೆ ಇದು.

ಯಾವ ಸೂಚ್ಯಂಕ ಅನ್ನುವುದೂ ಮುಖ್ಯ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2017 ರ ಅಕ್ಟೋಬರ್‌ನಲ್ಲಿ ಫಂಡ್‌ಗಳ ವರ್ಗ ನಿಗದಿ ಮಾಡಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿ ಲಾರ್ಜ್ ಕ್ಯಾಪ್, 101 ರಿಂದ 250 ಮಿಡ್ ಕ್ಯಾಪ್, 251 ರಿಂದ ಮುಂದೆ ಸ್ಮಾಲ್ ಕ್ಯಾಪ್. ಲಾರ್ಜ್ ಕ್ಯಾಪ್ ಫಂಡ್ ಕನಿಷ್ಠ 80% ದುಡ್ಡನ್ನು ಆ ಮೊದಲ 100 ರಲ್ಲೇ ಇಡಬೇಕು. ಹಾಗಾಗಿ ನಿಮ್ಮದನ್ನು 100 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 100 ರ ಜೊತೆ ಹೋಲಿಸಿ. ಅದರಲ್ಲೂ ಟಿಆರ್‌ಐ ಅಂತ ಬರೆದಿರುವುದನ್ನೇ ನೋಡಿ. ಕಂಪನಿಗಳು ಕೊಡುವ ಡಿವಿಡೆಂಡ್ ಅದರಲ್ಲಿ ಸೇರಿರುತ್ತದೆ. ಮೊದಲೆಲ್ಲ ಡಿವಿಡೆಂಡ್ ಬಿಟ್ಟ ಸೂಚ್ಯಂಕದ ಜೊತೆ ಹೋಲಿಸಿ ಜಾಹೀರಾತು ಹಾಕುತ್ತಿದ್ದರು. ಫಂಡಿಗೆ ಡಿವಿಡೆಂಡ್ ಬಂದಿದೆ, ಸೂಚ್ಯಂಕಕ್ಕೆ ಬಂದಿಲ್ಲ, ಆಮೇಲೆ ನಾವೇ ಗೆದ್ದೆವು ಅನ್ನುವುದು. 2018 ರ ಫೆಬ್ರವರಿಯಿಂದ ಸೆಬಿ ಇದನ್ನು ನಿಲ್ಲಿಸಿತು. ನನ್ನ ಮಟ್ಟಿಗೆ ಸಣ್ಣ ಹೂಡಿಕೆದಾರರಿಗೆ ಆದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು.

ನಿಮ್ಮ ಸಹೋದ್ಯೋಗಿಯ ಸ್ಮಾಲ್ ಕ್ಯಾಪ್ ಜೊತೆ ನಿಮ್ಮದನ್ನು ಹೋಲಿಸಲೇಬೇಡಿ. ತೆಂಗಿನ ತೋಟವನ್ನು ಶುಂಠಿ ಹೊಲದ ಜೊತೆ ಹೋಲಿಸಿದ ಹಾಗೆ ಆಗುತ್ತದೆ. ಶುಂಠಿ ಬೆಳೆದವರ ಪಾಡು ನಮ್ಮ ಹಾಸನದ ಕಡೆ ಎಲ್ಲರಿಗೂ ಗೊತ್ತು, ಒಂದು ವರ್ಷ ಕೈ ತುಂಬುತ್ತದೆ, ಇನ್ನೊಂದು ವರ್ಷ ಕೂಲಿಯೂ ಹುಟ್ಟುವುದಿಲ್ಲ. 2018 ರ ಜನವರಿಯಿಂದ 2020 ರ ಮಾರ್ಚ್ ವರೆಗೆ ಸ್ಮಾಲ್ ಕ್ಯಾಪ್ ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಬಿದ್ದಿತ್ತು. ನಿಮ್ಮ ಸಹೋದ್ಯೋಗಿ ತೋರಿಸಿದ 5 ವರ್ಷ ಶುರುವಾಗಿದ್ದು ಆ ಬೀಳುವಿಕೆಯ ಬುಡದ ಹತ್ತಿರದಿಂದ.

ಈ ಒಂದು ವಿಷಯ ಮಾತ್ರ ನೀವು ಚೆನ್ನಾಗಿ ತಿಳಿದುಕೊಳ್ಳಲೇಬೇಕು, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50 ನ್ನೇ ತೆಗೆದುಕೊಳ್ಳಿ. 2020 ರ ಜನವರಿ ಮಧ್ಯದಲ್ಲಿ ಸುಮಾರು 12,360 ಇತ್ತು. ಸರಿಯಾಗಿ 5 ವರ್ಷಕ್ಕೆ, 2025 ರ ಜನವರಿ ಮಧ್ಯಕ್ಕೆ, ಸುಮಾರು 23,180. ವರ್ಷಕ್ಕೆ 13.4% ಆಯಿತು. ಈಗ ಬರೀ ಐದೂವರೆ ತಿಂಗಳು ಮುಂದೆ ಬನ್ನಿ. 2020 ರ ಜೂನ್ 30 ಕ್ಕೆ ನಿಫ್ಟಿ ಸುಮಾರು 10,300. 2025 ರ ಜೂನ್ 30 ಕ್ಕೆ ಸುಮಾರು 25,500. ಇದು ವರ್ಷಕ್ಕೆ ಹತ್ತಿರ ಹತ್ತಿರ 20%. ಅದೇ ಸೂಚ್ಯಂಕ, ಅದೇ 5 ವರ್ಷ. ಯಾರೂ ಜಾಣರಾಗಲಿಲ್ಲ, ದಡ್ಡರೂ ಆಗಲಿಲ್ಲ. ಅಳೆಯಲು ಶುರು ಮಾಡಿದ ದಿನ ಬದಲಾಯಿತು ಅಷ್ಟೇ. ಈಗ ಜಾಹೀರಾತಿನಲ್ಲಿ "5 ವರ್ಷದಲ್ಲಿ ಇಷ್ಟು" ಅಂತ ಕಂಡರೆ ಮೊದಲು ನೆನಪಾಗಬೇಕಾದ್ದು ಇದು.

ಅದಕ್ಕೇ ರೋಲಿಂಗ್ ರಿಟರ್ನ್ ಅಂತ ನೋಡುತ್ತಾರೆ. 2018 ರ ಜುಲೈನಿಂದ 2021 ರ ಜುಲೈ, 2018 ರ ಆಗಸ್ಟ್‌ನಿಂದ 2021 ರ ಆಗಸ್ಟ್, ಹೀಗೆ ಒಂದೊಂದೇ ತಿಂಗಳು ಸರಿಸುತ್ತಾ 3 ವರ್ಷದ ಆದಾಯ ತೆಗೆಯುತ್ತಾ ಹೋಗುವುದು. ಅಷ್ಟು ಸಲದಲ್ಲಿ ಎಷ್ಟು ಸಲ ಫಂಡ್ ಸೂಚ್ಯಂಕವನ್ನು ದಾಟಿದೆ ಅಂತ ಎಣಿಸಿ. ಒಂದು ಸಲ ದೊಡ್ಡದಾಗಿ ಗೆದ್ದು ಉಳಿದಂತೆ ಹಿಂದೆ ಬಿದ್ದಿರುವ ಫಂಡ್‌ಗಿಂತ, ಸ್ವಲ್ಪ ಸ್ವಲ್ಪವೇ ಆದರೂ ಹೆಚ್ಚು ಸಲ ಗೆದ್ದದ್ದನ್ನು ನಾನು ನಂಬುತ್ತೇನೆ. 2018 ರಿಂದಲೇ ಯಾಕೆ ಶುರು ಮಾಡಿದೆ ಅಂದರೆ, ಸೆಬಿ ವರ್ಗ ನಿಗದಿ ಮಾಡಿದ ಮೇಲೆ ಆ ವರ್ಷ ಎಷ್ಟೋ ಫಂಡ್‌ಗಳು ಹೆಸರು ಬದಲಿಸಿದವು, ಒಂದರಲ್ಲೊಂದು ಸೇರಿಹೋದವು. ಅದಕ್ಕೂ ಹಿಂದಿನ ದಾಖಲೆ ಕೆಲವು ಕಡೆ ಬೇರೆಯೇ ಥರದ ಫಂಡಿನದು.

ಇನ್ನು ಆ 10 ರೂಪಾಯಿ ಮಾತು. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ನೀವು 10,000 ಹಾಕಿದರೆ 10 ರೂಪಾಯಿ ಎನ್‌ಎವಿಯಲ್ಲಿ 1,000 ಯೂನಿಟ್ ಬರುತ್ತದೆ, 250 ರೂಪಾಯಿ ಎನ್‌ಎವಿಯಲ್ಲಿ 40 ಯೂನಿಟ್ ಬರುತ್ತದೆ. ಒಳಗಿನ ಷೇರು 10% ಏರಿದರೆ ಎರಡೂ ಕಡೆ ನಿಮ್ಮದು 11,000. ಎನ್‌ಎವಿ ಮೇಲೆ ಹೋಗಿದೆ ಅಂದರೆ ಜಾಗ ಮುಗಿದಿದೆ ಅಂತ ಅರ್ಥ ಅಲ್ಲ. ಆ ಫಂಡ್ ಬಹಳ ವರ್ಷದಿಂದ ಇದೆ, ಬೆಳೆದಿದೆ ಅಂತ ಅರ್ಥ. ಹೊಸ ಫಂಡಿಗೆ ಅಳೆಯಲು ಹಿಂದಿನ ದಾಖಲೆಯೇ ಇರುವುದಿಲ್ಲ. ಅಳತೆ ಹೇಗೆ ಅಂತ ಕೇಳುತ್ತಿರುವವರು ನೀವು. ಅಳೆಯಲು ಏನೂ ಇಲ್ಲದ ಕಡೆ ಯಾಕೆ ಹೋಗುತ್ತೀರಿ?

ಉತ್ತರ: ವಿಜಯನಗರ ಹುಡುಗ, ಬೆಂಗಳೂರು

ಹಾಸನದ ಸರ್ ಎಲ್ಲ ಹೇಳಿದ್ದಾರೆ. ಎರಡೇ ಮಾತು ಸೇರಿಸುತ್ತೇನೆ.

ಟೀಚರ್, ನಿಮ್ಮದು ರೆಗ್ಯುಲರ್ ಪ್ಲಾನ್. ಅದರಲ್ಲಿ ವಿತರಕರ ಕಮಿಷನ್ ಪ್ರತಿ ವರ್ಷ ಫಂಡಿನ ಒಳಗಿಂದಲೇ ಹೋಗುತ್ತದೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ. 2013 ರ ಜನವರಿಯಿಂದ ಪ್ರತಿ ಫಂಡಿಗೂ ಡೈರೆಕ್ಟ್ ಪ್ಲಾನ್ ಇದೆ. ಅದೇ ಷೇರುಗಳು, ಅದೇ ಮ್ಯಾನೇಜರ್, ಖರ್ಚು ಮಾತ್ರ ಕಡಿಮೆ. 1% ಅಂತ ಕೇಳಿದರೆ ಸಣ್ಣದು ಅನಿಸುತ್ತದೆ. 1 ಲಕ್ಷ ರೂಪಾಯಿ 20 ವರ್ಷ 12% ರಲ್ಲಿ ಬೆಳೆದರೆ 9.65 ಲಕ್ಷ. 11% ರಲ್ಲಿ ಬೆಳೆದರೆ 8.06 ಲಕ್ಷ. ಆ 1% ತಿಂದದ್ದು ಒಂದೂವರೆ ಲಕ್ಷಕ್ಕೂ ಜಾಸ್ತಿ. ಹಾಗಂತ ನಿಮ್ಮ ಏಜೆಂಟ್ ತೆಗೆದುಕೊಂಡದ್ದು ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. 2020 ರಲ್ಲಿ ಆ ಒಂದು ಫೋನ್ ಬರದಿದ್ದರೆ ನೀವು ನಿಲ್ಲಿಸುತ್ತಿದ್ದಿರಿ. ಆಗ ಈ 16% ಇರುತ್ತಿರಲಿಲ್ಲ.

ಹೋಲಿಕೆ ಮಾಡುವುದಕ್ಕೆ ದುಡ್ಡು ಕೊಟ್ಟು ಏನೂ ಕೊಳ್ಳಬೇಕಿಲ್ಲ. ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯ ವೆಬ್‌ಸೈಟಿನಲ್ಲಿ ಎಲ್ಲಾ ಫಂಡ್‌ಗಳ ಹಳೆಯ ಎನ್‌ಎವಿ ತಾರೀಕಿನ ಪ್ರಕಾರ ಸಿಗುತ್ತದೆ. ನಿಮ್ಮ ಕಂತುಗಳ ಪಟ್ಟಿ ಬೇಕಾದರೆ ಫಂಡ್‌ಗಳ ಲೆಕ್ಕಪತ್ರ ನೋಡಿಕೊಳ್ಳುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಸೈಟಿನಲ್ಲಿ ಇಮೇಲ್ ಕೊಟ್ಟರೆ ಎಲ್ಲಾ ಸೇರಿಸಿದ ಕನ್ಸಾಲಿಡೇಟೆಡ್ ಸ್ಟೇಟ್‌ಮೆಂಟ್ ಕಳಿಸುತ್ತಾರೆ. ಯಾವುದಾದರೂ ಒಂದು ನಿಫ್ಟಿ ಇಂಡೆಕ್ಸ್ ಫಂಡ್, ಅಂದರೆ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡ್, ಆರಿಸಿಕೊಳ್ಳಿ. ನಿಮ್ಮ 72 ತಾರೀಕಿಗೂ ಅದರ ಎನ್‌ಎವಿ ಬರೆದು, 3,000 ಕ್ಕೆ ಎಷ್ಟು ಯೂನಿಟ್ ಬರುತ್ತಿತ್ತು ಅಂತ ತೆಗೆಯಿರಿ. ಎಲ್ಲಾ ಯೂನಿಟ್ ಕೂಡಿಸಿ ಇವತ್ತಿನ ಎನ್‌ಎವಿಯಿಂದ ಗುಣಿಸಿ. ನಿಮ್ಮ 3,50,000 ದ ಪಕ್ಕ ಇಡಬೇಕಾದ ಅಂಕಿ ಅದೇ. ಇಂಡೆಕ್ಸ್ ಫಂಡಿನ ಎನ್‌ಎವಿಯಲ್ಲಿ ಡಿವಿಡೆಂಡೂ ಖರ್ಚೂ ಎರಡೂ ಸೇರಿರುತ್ತದೆ, ಹಾಗಾಗಿ ನಿಜವಾಗಿ ಕೈಗೆ ಸಿಗಬಹುದಾಗಿದ್ದ ದುಡ್ಡಿನ ಜೊತೆ ಹೋಲಿಸಿದ ಹಾಗಾಯಿತು. ಗ್ರೋತ್ ಆಯ್ಕೆಯದ್ದೇ ಎನ್‌ಎವಿ ತೆಗೆದುಕೊಳ್ಳಿ, ಐಡಿಸಿಡಬ್ಲ್ಯೂ ಅಂತ ಇರುವುದು ಬೇಡ. ಅದು ಹಳೆಯ ಡಿವಿಡೆಂಡ್ ಆಯ್ಕೆ. ದುಡ್ಡು ಹಂಚಿದಾಗೆಲ್ಲ ಅದರ ಎನ್‌ಎವಿ ಇಳಿಯುತ್ತದೆ, ಲೆಕ್ಕ ತಪ್ಪುತ್ತದೆ.

ತಿಪಟೂರು ಟೀಚರ್

ಇಬ್ಬರಿಗೂ ತುಂಬಾ ತುಂಬಾ ಧನ್ಯವಾದ. ಭಾನುವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದೆ. ಅವಳು ಎನ್‌ಎವಿ ಓದುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಬೆಳಿಗ್ಗೆ ತಿಂಡಿ ಆದ ಮೇಲೆ ಕೂತವರು ಎದ್ದಾಗ ಮಧ್ಯಾಹ್ನ ಊಟದ ಹೊತ್ತು ದಾಟಿತ್ತು. 2020 ರ ಮಾರ್ಚ್, ಏಪ್ರಿಲ್ ಸಾಲು ಬಂದಾಗ ಮಗಳು "ಅಮ್ಮಾ, ಇಲ್ಲಿ ನೋಡು, ಅದೇ ಮೂರು ಸಾವಿರಕ್ಕೆ ಎಷ್ಟೊಂದು ಯೂನಿಟ್!" ಅಂದಳು. ಆ ಎರಡು ತಿಂಗಳು ನಾನು ರಾತ್ರಿ ನಿದ್ದೆ ಇಲ್ಲದೆ ಕಳೆದದ್ದು ಅವಳಿಗೆ ಗೊತ್ತಿಲ್ಲ.

ಇಂಡೆಕ್ಸ್ ಫಂಡಿನದು ನನ್ನದಕ್ಕಿಂತ ಸ್ವಲ್ಪ ಮುಂದೆ ಬಂತು. ತುಂಬಾ ಏನಿಲ್ಲ, ಕೆಲವು ಸಾವಿರದ ವ್ಯತ್ಯಾಸ. ಅಂದರೆ ನನ್ನ ಫಂಡ್ ಕೆಟ್ಟದ್ದಲ್ಲ. ಆದರೆ ಜಾಸ್ತಿ ಖರ್ಚು ತೆಗೆದುಕೊಂಡು ಸೂಚ್ಯಂಕದಷ್ಟೂ ಕೊಡಲಿಲ್ಲ. ಇದು ನನಗೆ ಸರಿಯಾಗಿ ಅರ್ಥವಾಯಿತಾ?

ಉತ್ತರ: ಹಾಸನದ ಲೆಕ್ಕಿಗ

ಸರಿಯಾಗಿಯೇ ಅರ್ಥವಾಗಿದೆ ಟೀಚರಮ್ಮ. ನಿಮ್ಮದೊಂದೇ ಅಲ್ಲ. ಸೂಚ್ಯಂಕ ತಯಾರಿಸುವ ಎಸ್ ಆಂಡ್ ಪಿ ಕಂಪನಿಯವರು ಸ್ಪೀವಾ ಅಂತ ಒಂದು ವರದಿ ತರುತ್ತಾರೆ, ಭಾರತದ ಫಂಡ್‌ಗಳನ್ನು ಸೂಚ್ಯಂಕದ ಜೊತೆ ಇಟ್ಟು ನೋಡುವುದು. ಹಲವು ವರ್ಷದ ಲೆಕ್ಕದಲ್ಲಿ ಲಾರ್ಜ್ ಕ್ಯಾಪ್ ಫಂಡ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಿಂದೆ ಬಿದ್ದಿರುವುದು ಅದರಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಮುಚ್ಚಿಹೋದ, ಬೇರೆಯದರಲ್ಲಿ ಸೇರಿಹೋದ ಫಂಡ್‌ಗಳನ್ನೂ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ನಾವು ಇವತ್ತಿನ ಪಟ್ಟಿ ನೋಡಿದರೆ ಉಳಿದುಕೊಂಡವು ಮಾತ್ರ ಕಣ್ಣಿಗೆ ಬೀಳುತ್ತವೆ.

ಉತ್ತರ: ಮಾಳಮಡ್ಡಿ ಮನೆ, ಧಾರವಾಡ

ಅಕ್ಕಾರ, ಎಲ್ಲರೂ ಫಂಡಿನ ಬಗ್ಗೆ ಹೇಳಿದರು. ನಾನು ನಿಮ್ಮ ಮಗಳ ಬಗ್ಗೆ ಹೇಳಬೇಕು. 2027 ರಲ್ಲಿ ಸಿಇಟಿ ಅಂದಿರಿ, ಅಂದರೆ ಫೀ ಕಟ್ಟಲು ಎರಡೇ ವರ್ಷ. ಅದನ್ನು ಓದಿದಾಗಲೇ ನನ್ನ ಎದೆ ಧಸಕ್ ಅಂದಿತು.

ನನ್ನ ಮಗನ ಕಾಲೇಜಿಗೆ ಇಟ್ಟ ದುಡ್ಡೂ ಹೀಗೇ ಪೂರ್ತಿ ಈಕ್ವಿಟಿ ಫಂಡಿನಲ್ಲಿ ಇತ್ತು. 2020 ರ ಜನವರಿಯಲ್ಲಿ 7,80,000. ಫಂಡ್ ಒಳ್ಳೆಯದು, ಐದು ಸ್ಟಾರು, ಸೂಚ್ಯಂಕಕ್ಕಿಂತ ಮುಂದೆ ಇತ್ತು. ಇಲ್ಲಿ ಹೇಳಿದ ಎಲ್ಲಾ ಪರೀಕ್ಷೆಯಲ್ಲೂ ಅದು ಪಾಸಾಗುತ್ತಿತ್ತು. ಆಮೇಲೆ ಮಾರ್ಚ್ ಬಂತು. ಜನವರಿ ಮಧ್ಯದಲ್ಲಿ 12,360 ಇದ್ದ ನಿಫ್ಟಿ ಮಾರ್ಚ್ 23 ಕ್ಕೆ 7,610. ನನ್ನ 7,80,000 ಐದು ಲಕ್ಷದ ಹತ್ತಿರ ಬಂದು ನಿಂತಿತು. ಯಜಮಾನರ ಅಂಗಡಿ ಮುಚ್ಚಿತ್ತು. ಫೀ ಕಟ್ಟುವ ಕಾಲ ಎದುರಿಗಿತ್ತು, ಇನ್ನೂ ಬೀಳುತ್ತದೆ ಅನ್ನುವ ಹೆದರಿಕೆ ಬೇರೆ. ಏಪ್ರಿಲ್ ಮೊದಲ ವಾರ 5,10,000 ಕ್ಕೆ ಮಾರಿಬಿಟ್ಟೆ. ಅದೇ ವರ್ಷ ನವೆಂಬರ್‌ನಲ್ಲಿ ನಿಫ್ಟಿ ಹಳೆಯ ಎತ್ತರ ಮುಟ್ಟಿತು. ನಾನು ಕಾಯುವ ಹಾಗಿರಲಿಲ್ಲ. ಉಳಿದದ್ದಕ್ಕೆ ನನ್ನ ಎರಡು ಬಳೆ, ಒಂದು ಸರ ಬ್ಯಾಂಕಿನಲ್ಲಿ ಇಟ್ಟೆವು. ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು.

ಮುಂದೆ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡು ವರ್ಷದಲ್ಲಿ ಬೇಕಾದ ದುಡ್ಡಿಗೆ ಆ ಸಾಧ್ಯತೆಯೂ ಬೇಡ. ಈಗ ನಿಮ್ಮ ಕೈಯಲ್ಲಿ ಲಾಭ ಇದೆ. ಮೊದಲ ವರ್ಷದ ಫೀಗೆ, ಹಾಸ್ಟೆಲಿಗೆ ಎಷ್ಟು ಬೇಕೋ ಅಷ್ಟನ್ನು ಹಂತ ಹಂತವಾಗಿ ಎಫ್‌ಡಿಗೆ ಸರಿಸಿ. ಕೊನೆಯ ವರ್ಷದ ಫೀ 2030 ರಲ್ಲಿ ಬೇಕಾಗುವುದು, ಆ ಭಾಗ ಮಾತ್ರ ಇನ್ನೂ ಸ್ವಲ್ಪ ಕಾಲ ಫಂಡಿನಲ್ಲೇ ಇರಲಿ.

ಉತ್ತರ: ವಿಜಯನಗರ ಹುಡುಗ, ಬೆಂಗಳೂರು

ಧಾರವಾಡದ ಅಕ್ಕ ಹೇಳಿದ್ದು ನಾನು ಹೇಳಿದ್ದಕ್ಕಿಂತ ಮುಖ್ಯ. ತೆರಿಗೆಗೆ ಹೆದರಿ ತಡ ಮಾಡಬೇಡಿ ಟೀಚರ್. ಒಂದು ವರ್ಷ ದಾಟಿದ ಯೂನಿಟ್‌ಗಳ ಲಾಭಕ್ಕೆ ಆರ್ಥಿಕ ವರ್ಷಕ್ಕೆ 1.25 ಲಕ್ಷದ ವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ 12.5%. ನಿಮ್ಮ ಒಟ್ಟು ಲಾಭವೇ 1.34 ಲಕ್ಷ. ಮಾರಿದಾಗ ಹಳೆಯ ಯೂನಿಟ್‌ಗಳೇ ಮೊದಲು ಹೋಗುತ್ತವೆ. ಒಂದಷ್ಟು ಈ ಮಾರ್ಚ್ ಒಳಗೆ, ಒಂದಷ್ಟು ಏಪ್ರಿಲ್ ಆದ ಮೇಲೆ ತೆಗೆದರೆ ಏನೂ ಕಟ್ಟಬೇಕಾಗದೆ ಇರಬಹುದು. ಕೊನೆಯ 12 ಕಂತನ್ನು ಮಾತ್ರ ಈಗ ಮುಟ್ಟಬೇಡಿ. ಅವಕ್ಕೆ ಲಾಭದ ಮೇಲೆ 20% ತೆರಿಗೆ, ಜೊತೆಗೆ ಎಕ್ಸಿಟ್ ಲೋಡೂ (ಬೇಗ ಮಾರಿದರೆ ಫಂಡ್ ಹಿಡಿಯುವ ಶುಲ್ಕ) ಇರಬಹುದು, ಸ್ಟೇಟ್‌ಮೆಂಟ್ ನೋಡಿಕೊಳ್ಳಿ.

ತಿಪಟೂರು ಟೀಚರ್

ಧಾರವಾಡದ ಅಕ್ಕಾ, ನಿಮ್ಮ ಬಳೆಯ ಮಾತು ಓದಿ ಕಣ್ಣು ತುಂಬಿತು. ಯಜಮಾನರಿಗೂ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಕೊಬ್ಬರಿ ಬೆಲೆ ಬಂದಾಗ ಮಾರದೆ ಅಟ್ಟದಲ್ಲೇ ಇಟ್ಟು ಕೂತ ವರ್ಷ ನೆನಪಿದೆಯಾ" ಅಂತ ಕೇಳಿದರು.

ಏಜೆಂಟ್‌ಗೆ ಫೋನ್ ಮಾಡಿ ಹೊಸ ಫಂಡ್ ಬೇಡ ಅಂದೆ. 1,000 ಯೂನಿಟ್, 40 ಯೂನಿಟ್ ಲೆಕ್ಕವನ್ನೂ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಮೊದಲ ಎರಡು ವರ್ಷದ ಫೀಗೆ ಅಂತ 1,80,000 ತೆಗೆದು ಎಫ್‌ಡಿ ಮಾಡಿಸುತ್ತೇವೆ, ಅರ್ಧ ಮುಂದಿನ ವಾರ, ಅರ್ಧ 2026 ರ ಏಪ್ರಿಲ್‌ನಲ್ಲಿ. ತಿಂಗಳ 3,000 ವನ್ನು ಆಗಸ್ಟ್‌ನಿಂದ ಆರ್‌ಡಿಗೆ ಕಟ್ಟುತ್ತೇನೆ. ಉಳಿದದ್ದು ಸದ್ಯಕ್ಕೆ ಅದೇ ಫಂಡಿನಲ್ಲಿ ಇರುತ್ತದೆ. ಆ ಎಕ್ಸೆಲ್ ಹಾಳೆಯನ್ನು ಮಗಳು "ಅಮ್ಮನ ತೋಟ" ಅಂತ ಹೆಸರಿಟ್ಟು ಉಳಿಸಿದ್ದಾಳೆ. ಮುಂದಿನ ಜುಲೈನಲ್ಲಿ ಪಕ್ಕದ ತೋಟದ ಅಂಕಿ ಮತ್ತೆ ಬರೆದು ನೋಡುತ್ತೇವೆ.